ಹಿಡಿಕೆ ಹೋಗಿ ಗುಂಡಿ ಬಂತು. ಕರೆಂಟು ಹೋದರೆ ಬಾಗಿಲು ತೆಗೆಯುವವರಾರು?

ಬೆಳಗಾವಿ: ಲಗ್ನಸರಾಯಿ ಬಂತೆಂದರೆ ಊರಿನ ಮಂಗಲ ಕಾರ್ಯಾಲಯಗಳ ಮುಂದೆ ಒಂದು ಹೊಸ ತಮಾಷೆ ಕಾಣಸಿಗುತ್ತದೆ. ಖಾನಾಪುರ ಕಡೆಯ ಹಳ್ಳಿಯಿಂದ ಬಂದ ಹಿರಿಯರು ಊಟ ಮುಗಿಸಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ಅಳಿಯನ ಹೊಸ ಕಾರಿನ ಹತ್ತಿರ ಬಂದು ನಿಲ್ಲುತ್ತಾರೆ. ಬಾಗಿಲಿನ ಮೇಲೆ ಕೈ ಆಡಿಸುತ್ತಾರೆ. ಮೇಲೆ ನೋಡುತ್ತಾರೆ, ಕೆಳಗೆ ನೋಡುತ್ತಾರೆ. ಹಿಡಿಯಲು ಏನೂ ಸಿಗುವುದಿಲ್ಲ. ತಗಡು ತೊಳೆದ ತಟ್ಟೆಯ ಹಾಗೆ ನುಣ್ಣಗಿದೆ!

"ತಮ್ಮಾ, ಇದರ ಹಿಡಿಕಿ ಎಲ್ಲೈತೋ?"

"ಮಾಮಾ, ಅಲ್ಲೇ ಒತ್ರಿ, ಹಿಡಿಕಿ ತಾನ ಹೊರಗ ಬರತೈತಿ."

ಸುತ್ತ ನಿಂತವರು ನಗುತ್ತಾರೆ. ಹಿರಿಯರೂ ನಗುತ್ತಾರೆ. ಕಾರು ಹೊರಡುತ್ತದೆ. ಆದರೆ ಹಿರಿಯರು ಕೇಳಿದ ಪ್ರಶ್ನೆ ನಕ್ಕು ಬಿಡುವಂಥದ್ದಲ್ಲ. ಹೊರಗಿನ ಹಿಡಿಕೆ ಕಾಣದಿದ್ದರೆ ನಗು ಬರುತ್ತದೆ. ಒಳಗಿನ ಹಿಡಿಕೆ ಕಾಣದಿದ್ದರೆ? ಅದೂ ಬ್ಯಾಟರಿ ಸತ್ತು, ಹೊಗೆ ತುಂಬಿ, ಇಲ್ಲವೇ ನೀರು ಏರುತ್ತಿರುವಾಗ ಕಾಣದಿದ್ದರೆ? ಈ ಪ್ರಶ್ನೆಯನ್ನು ಈಗ ದೊಡ್ಡ ದೊಡ್ಡ ದೇಶಗಳ ಸರಕಾರಗಳೇ ಕೇಳುತ್ತಿವೆ. ಖಾನಾಪುರದ ಹಿರಿಯರು ಅದನ್ನು ಮಂಗಲ ಕಾರ್ಯಾಲಯದ ಮುಂದೆಯೇ ಕೇಳಿದ್ದಾರೆ, ಅಷ್ಟೆ.

ಕೊಂಡಿಯ ಕಥೆ

ಕಾರಿನ ಬಾಗಿಲು ಹಾಕಿದಾಗ 'ಟಕ್' ಎಂದು ಸಪ್ಪಳವಾಗುತ್ತದಲ್ಲ, ಅದರ ಒಳಗುಟ್ಟು ಬಹಳ ಸರಳ. ಗಾಡಿಯ ಕಂಬಕ್ಕೆ ಬಳೆಯಂಥ ಒಂದು ಕಬ್ಬಿಣದ ಕೊಂಡಿ ಬಿಗಿದಿರುತ್ತದೆ. ಬಾಗಿಲಿನ ಅಂಚಿನಲ್ಲಿ ಏಡಿಯ ಕೊಂಬಿನಂಥ ಒಂದು ಕೊಕ್ಕೆ ಇರುತ್ತದೆ. ಬಾಗಿಲು ಬಡಿದಾಗ ಕೊಕ್ಕೆ ತಿರುಗಿ ಕೊಂಡಿಯನ್ನು ಕಚ್ಚುತ್ತದೆ. ಕೊಕ್ಕೆ ಹಿಂದಕ್ಕೆ ತಿರುಗದಂತೆ ಒಂದು ಸಣ್ಣ ಹಲ್ಲು ಅಡ್ಡ ಬೀಳುತ್ತದೆ. ಈ ಹಲ್ಲನ್ನು ಸರಿಸಿದರೆ ಬಾಗಿಲು ತೆರೆಯುತ್ತದೆ. ಹಲ್ಲಿಗೂ ನಮ್ಮ ಕೈಯ ಹಿಡಿಕೆಗೂ ನಡುವೆ ಸೈಕಲ್ ಬ್ರೇಕಿನ ತಂತಿಯಂಥ ಒಂದು ತಂತಿ, ಇಲ್ಲವೇ ಒಂದು ಕಬ್ಬಿಣದ ಸರಳು. ಜಗ್ಗಿದರೆ ತೆರೆಯುತ್ತದೆ. ಮುಗಿಯಿತು.

2014ರಲ್ಲಿ ತಯಾರಿಕೆ ನಿಂತ ಅಂಬಾಸಡರ್ ಆಗಲಿ, ಅದೇ ವರ್ಷ ನಿಂತ ಮಾರುತಿ 800 ಆಗಲಿ, ಬಾಗಿಲಿನ ಮಟ್ಟಿಗೆ ಎಲ್ಲವೂ ಒಂದೇ ಜಾತಿ. ಬ್ಯಾಟರಿ ಕದ್ದೊಯ್ದರೂ ಬಾಗಿಲು ತೆರೆಯುತ್ತಿತ್ತು. ಎಂಜಿನ್ ಬಿಚ್ಚಿ ಉದ್ಯಮಬಾಗದ ಗ್ಯಾರೇಜಿನ ನೆಲದ ಮೇಲೆ ಇಟ್ಟಿದ್ದರೂ ಬಾಗಿಲು ತೆರೆಯುತ್ತಿತ್ತು. ಹೆಚ್ಚೆಂದರೆ ತಂತಿ ಹರಿಯುತ್ತಿತ್ತು, ಮಿಸ್ತ್ರಿ ಹೊಸದು ಹಾಕುತ್ತಿದ್ದ. ಎರಕದ ಕೆಲಸಕ್ಕೆ ಹೆಸರಾದ ಬೆಳಗಾವಿಯವರಿಗೆ ಕಬ್ಬಿಣದ ಈ ಭಾಷೆ ಯಾರೂ ಕಲಿಸಬೇಕಾಗಿಲ್ಲ. ಕೈಯ ಬಲ ತಂತಿಗೆ, ತಂತಿಯ ಬಲ ಹಲ್ಲಿಗೆ. ನಡುವೆ ಯಾರ ಅಪ್ಪಣೆಯೂ ಬೇಕಿಲ್ಲ.

ಮಧ್ಯದ ಮೆಟ್ಟಿಲು: ಸೆಂಟ್ರಲ್ ಲಾಕ್

ಆಮೇಲೆ ಬಂದದ್ದು ಸೆಂಟ್ರಲ್ ಲಾಕ್. ಚಾಲಕ ಒಂದು ಕಡೆ ಒತ್ತಿದರೆ ಎಲ್ಲ ಬಾಗಿಲಿಗೂ ಬೀಗ. ಇದರಲ್ಲಿಯೂ ಬಾಗಿಲಿನೊಳಗೆ ಸಣ್ಣ ಮೋಟಾರು ಇರುತ್ತದೆ. ಆದರೆ ಅದರ ಕೆಲಸ ಹಿಡಿಕೆಗೆ ಅಡ್ಡ ಹಾಕುವುದು, ಅಡ್ಡ ತೆಗೆಯುವುದು ಇಷ್ಟೇ. ಕೊಕ್ಕೆ ಬಿಡಿಸುವುದು ಈಗಲೂ ಕೈಯೇ, ತಂತಿಯೇ. ನಮ್ಮ ಊರಿನ ರಸ್ತೆಗಳಲ್ಲಿ ಓಡುವ ಕಾರುಗಳಲ್ಲಿ ಬಹುಪಾಲು ಇದೇ ಬಗೆಯವು.

ಇದರಲ್ಲಿಯೂ ಅಪಾಯ ಇರಲಿಲ್ಲವೆಂದಲ್ಲ. ಬೀಗ ಬಿದ್ದಾಗಲೇ ವಿದ್ಯುತ್ತು ಹೋದರೆ ಒಳಗಿದ್ದವರ ಗತಿ ಏನು? ಈ ಭಯದಿಂದಲೇ ಕೇಂದ್ರ ಸರಕಾರ ಒಂದು ನಿಯಮ ಮಾಡಿತು. 2019ರ ಜುಲೈ 1ರಿಂದ ತಯಾರಾದ ಕಾರುಗಳಲ್ಲಿ ಸೆಂಟ್ರಲ್ ಲಾಕ್ ಇದ್ದರೆ, ಅದನ್ನು ಕೈಯಿಂದಲೇ ಬಿಡಿಸಿಕೊಳ್ಳುವ ವ್ಯವಸ್ಥೆಯೂ ಇರಲೇಬೇಕು. 80 ಕಿಲೋಮೀಟರ್ ವೇಗ ದಾಟಿದರೆ ಕಾರು ಪೀಂ ಪೀಂ ಎನ್ನುತ್ತದಲ್ಲ, ಬೆಲ್ಟ್ ಹಾಕದಿದ್ದರೆ ಕಿರಿಚುತ್ತದಲ್ಲ, ಅವೆಲ್ಲ ಬಂದದ್ದು ಇದೇ ನಿಯಮದ ಜೊತೆಗೆ. ಪೀಂ ಪೀಂ ಎಲ್ಲರಿಗೂ ಗೊತ್ತು. ಬಾಗಿಲಿನ ಮಾತು ಎಷ್ಟು ಮಂದಿಗೆ ಗೊತ್ತು?

ಗುಂಡಿಯ ಕಾಲ

ಈಗ ಬಂದಿರುವುದು ಮೂರನೆಯ ಮೆಟ್ಟಿಲು. ಇದರಲ್ಲಿ ತಂತಿಯೇ ಇಲ್ಲ. ಬಾಗಿಲಿನ ಮೇಲೆ ಒಂದು ಗುಂಡಿ. ಒತ್ತಿದರೆ ಗಾಡಿಯೊಳಗಿನ ಕಂಪ್ಯೂಟರಿಗೆ ಸುದ್ದಿ ಹೋಗುತ್ತದೆ. ಕಂಪ್ಯೂಟರು ಒಪ್ಪಿದರೆ ಮೋಟಾರಿಗೆ ಹುಕುಮು ಬರುತ್ತದೆ. ಮೋಟಾರು ಹಲ್ಲನ್ನು ಸರಿಸುತ್ತದೆ. ಬಾಗಿಲು ತೆರೆಯುತ್ತದೆ. ಕೈ ಮಾಡಿದ್ದು ಅರ್ಜಿ ಹಾಕುವ ಕೆಲಸ ಮಾತ್ರ!

ಇಲ್ಲೊಂದು ಗೊಂದಲ ಬಿಡಿಸಬೇಕು. ಹೊರಗೆ ಹಿಡಿಕೆ ಅಡಗಿರುವ ಕಾರೆಲ್ಲ ಗುಂಡಿಯ ಕಾರಲ್ಲ. 2021ರಲ್ಲಿ ಬಂದ ಮಹೀಂದ್ರದ ಎಕ್ಸ್‌ಯುವಿ 700, 2024ರಲ್ಲಿ ಬಂದ ಟಾಟಾ ಕರ್ವ್, ಎಂಜಿ ವಿಂಡ್ಸರ್ ಇವುಗಳಿಂದಾಗಿ ಬಾಗಿಲಿನಲ್ಲಿ ಹುದುಗಿದ ಹಿಡಿಕೆ ನಮ್ಮ ಪೇಟೆಗೂ ಪರಿಚಯವಾಯಿತು. ಹೀಗೆ ಹೊರಗೆ ಹೊಸ ವೇಷ ತೊಟ್ಟ ಹಲವು ಕಾರುಗಳ ಒಳಗೆ ಜಗ್ಗುವ ಹಳೆಯ ಹಿಡಿಕೆಯೇ ಇದೆ. ಒಳಗೂ ಹೊರಗೂ ಗುಂಡಿಯೇ ಇರುವ ಕಾರುಗಳ ಪೈಕಿ ಹೆಚ್ಚು ಹೆಸರಾದದ್ದು ಅಮೆರಿಕದ ಟೆಸ್ಲಾ. ಅದು 2025ರ ಜುಲೈನಲ್ಲಿ ಮುಂಬೈಯಲ್ಲಿ ಅಂಗಡಿ ತೆರೆಯಿತು. ಮುಂಬೈಯಿಂದ ಬೆಳಗಾವಿಗೆ ಪಿ.ಬಿ. ರೋಡು ನೇರವೇ ಇದೆ.

ಕಂಪನಿಗಳು ಸುಮ್ಮನೆ ಇದನ್ನು ಮಾಡಿಲ್ಲ. ಹಿಡಿಕೆ ಒಳಗೆ ಸರಿದರೆ ಗಾಳಿಯ ತಡೆ ಅಷ್ಟಿಷ್ಟು ಕಡಿಮೆ, ಬ್ಯಾಟರಿ ಗಾಡಿ ನಾಲ್ಕು ಹೆಜ್ಜೆ ಹೆಚ್ಚು ಓಡುತ್ತದೆ. ನೋಡಲಿಕ್ಕೂ ಅಂದ. ಇನ್ನೊಂದು ನಿಜವಾದ ಉಪಯೋಗವೂ ಉಂಟು. ಹಿಂದಿನಿಂದ ಮೋಟರ್ ಸೈಕಲ್ ಬರುತ್ತಿದ್ದರೆ ಕೆಲವು ಗಾಡಿಗಳು ಬಾಗಿಲನ್ನು ತಡೆದು ಹಿಡಿಯುತ್ತವೆ. ಖಡೇಬಝಾರದ ಅಂಗಡಿಕಾರರಿಗೆ ಇದರ ಬೆಲೆ ಬೇರೆ ಹೇಳಬೇಕಾಗಿಲ್ಲ. ನಿಂತ ಕಾರಿನ ಬಾಗಿಲು ದಿಢೀರನೆ ತೆರೆದು ಸೈಕಲ್ಲಿನವ ಬೀಳುವುದನ್ನು ಅವರು ಗಲ್ಲೆಯ ಮೇಲೆ ಕುಳಿತೇ ಕಂಡಿರುತ್ತಾರೆ. ಆದ್ದರಿಂದ ಗುಂಡಿಯನ್ನು ಬೈಯುವುದರಿಂದ ಪ್ರಯೋಜನವಿಲ್ಲ. ಗುಂಡಿ ಕೈಕೊಟ್ಟಾಗ ಕೈಗೆ ಸಿಗುವುದೇನು ಎಂಬುದೇ ಇಲ್ಲಿ ಮುಖ್ಯ.

ದೊಡ್ಡಣ್ಣ ಇದ್ದರೂ ಸಾಲದು

ಬ್ಯಾಟರಿಯಿಂದ ಓಡುವ ಕಾರಿನ ಬಗ್ಗೆ ಜನರಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. "ಅಷ್ಟ್ ದೊಡ್ಡ ಬ್ಯಾಟರಿ ಐತಿ, ಬಾಗಲಾ ತೆಗೀಲಿಕ್ಕೆ ಕರೆಂಟ್ ಸಾಲೂದಿಲ್ಲೇನ್ರಿ?" ಎಂದು ಕೇಳುವವರೇ ಹೆಚ್ಚು. ಗಾಡಿ ಓಡಿಸುವ ದೊಡ್ಡ ಬ್ಯಾಟರಿ ಬೇರೆ. ಬಾಗಿಲು, ದೀಪ, ಹಾರ್ನು ಇವಕ್ಕೆ ಸಾಮಾನ್ಯವಾಗಿ 12 ವೋಲ್ಟಿನ ಸಣ್ಣ ಬ್ಯಾಟರಿಯೇ ಬೇರೆ. ದೊಡ್ಡದು ತುಂಬಿ ತುಳುಕುತ್ತಿದ್ದರೂ ಸಣ್ಣದು ಸತ್ತರೆ ಗುಂಡಿ ಮೂಕವಾಗುತ್ತದೆ. ಜೋರಾಗಿ ಡಿಕ್ಕಿಯಾದಾಗ ಶಾಕ್ ಹೊಡೆಯದಿರಲೆಂದು ದೊಡ್ಡ ಬ್ಯಾಟರಿಯ ಸಂಪರ್ಕ ತಾನಾಗಿಯೇ ಕಡಿದುಹೋಗುತ್ತದೆ. ಅದೇ ಪೆಟ್ಟಿಗೆ ಸಣ್ಣ ಬ್ಯಾಟರಿಯ ತಂತಿಯೂ ಹರಿದರೆ, ಬಾಗಿಲಿಗೆ ದಿಕ್ಕಿಲ್ಲ.

ಅದಕ್ಕೆಂದೇ ಇಂಥ ಕಾರುಗಳಲ್ಲಿ ಎಲ್ಲೋ ಒಂದು ಕಡೆ ಜಗ್ಗುವ ತಂತಿ ಅಥವಾ ಸಣ್ಣ ಸನ್ನೆ ಇಟ್ಟಿರುತ್ತಾರೆ. ಮಾತಿರುವುದು ಈ 'ಎಲ್ಲೋ' ಎಂಬುದರಲ್ಲಿಯೇ. ಕೆಲವು ಗಾಡಿಗಳಲ್ಲಿ ಅದು ಕಿಟಕಿಯ ಗುಂಡಿಗಳ ಮುಂದೆ ಅಡಗಿದೆ. ಟೆಸ್ಲಾದ ಕೆಲವು ಮಾದರಿಗಳ ಹಿಂದಿನ ಬಾಗಿಲಿನಲ್ಲಿ ಅದು ಬಾಗಿಲ ಕಿಸೆಯ ತಳದ ಹಾಸನ್ನು ಎತ್ತಿ, ಸಣ್ಣ ಮುಚ್ಚಳ ತೆಗೆದು ಹುಡುಕಬೇಕಾದ ತಂತಿ. ಎಲ್ಲ ಗಾಡಿಗಳ ಹಿಂದಿನ ಬಾಗಿಲಿಗೆ ಅದೂ ಇಲ್ಲ ಎಂದು ಕಂಪನಿಯ ಕೈಪಿಡಿಯೇ ಹೇಳುತ್ತದೆ. ಹೊಗೆ ತುಂಬಿದ ಕತ್ತಲೆಯಲ್ಲಿ ಕಿಸೆಯ ಹಾಸು ಎತ್ತಿ ನೋಡುವವರು ಯಾರು?

ಬೆಂಕಿಯಿಲ್ಲ, ನೀರಿಲ್ಲ, ಆದರೂ ಸಾವು

ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ 2015ರ ಜೂನ್ ತಿಂಗಳಲ್ಲಿ ನಡೆದ ಘಟನೆ ಓದಿದರೆ ಎದೆ ಝಲ್ಲೆನ್ನುತ್ತದೆ. ವಯಸ್ಸಾದ ಒಬ್ಬರು ತಮ್ಮ ನಾಯಿಯೊಂದಿಗೆ ಕಾರ್ವೆಟ್ ಕಾರಿನಲ್ಲಿ ಕುಳಿತಿದ್ದರು. ಕಾರು ನಿಂತಿದ್ದು ಒಂದು ಹೊಟೇಲಿನ ಅಂಗಳದಲ್ಲಿ. ಡಿಕ್ಕಿ ಆಗಿರಲಿಲ್ಲ, ಬೆಂಕಿ ಬಿದ್ದಿರಲಿಲ್ಲ. ಬ್ಯಾಟರಿಯ ಒಂದು ತಂತಿ ಸಡಿಲಾಗಿತ್ತು ಅಷ್ಟೆ. ಬಾಗಿಲಿನ ಗುಂಡಿ ಕೆಲಸ ಮಾಡಲಿಲ್ಲ. ಕೈಯಿಂದ ತೆರೆಯುವ ಸನ್ನೆ ಸೀಟಿನ ಪಕ್ಕದಲ್ಲಿ, ನೆಲದ ಹತ್ತಿರ ಇತ್ತು. ಅವರು ಅದನ್ನು ಬಳಸಲೇ ಇಲ್ಲ. ಬಿಸಿಲಿನ ಝಳಕ್ಕೆ ಇಬ್ಬರೂ ಕಾರಿನೊಳಗೇ ಸತ್ತರು. ಸನ್ನೆ ಇತ್ತು, ಕೈಗೆ ಸಿಗಲಿಲ್ಲ.

ಹತ್ತು ವರ್ಷದ ಮೇಲೆ, 2025ರ ಸೆಪ್ಟೆಂಬರಿನಲ್ಲಿ, ಅದೇ ದೇಶದ ರಸ್ತೆ ಸುರಕ್ಷತಾ ಇಲಾಖೆ 2021ರ ಮಾದರಿಯ ಸುಮಾರು 1,74,000 ಟೆಸ್ಲಾ ಮಾಡೆಲ್ ವೈ ಕಾರುಗಳ ಬಗ್ಗೆ ವಿಚಾರಣೆ ಆರಂಭಿಸಿತು. ದೂರು ಏನು? ತಾಯಿ ತಂದೆ ಮಗುವನ್ನು ಹಿಂದಿನ ಸೀಟಿನಲ್ಲಿ ಕೂಡ್ರಿಸಿ, ಇಲ್ಲವೇ ಇಳಿಸಿಕೊಳ್ಳಲು ಬಂದು ನಿಂತಿದ್ದಾರೆ. ಹೊರಗಿನ ಹಿಡಿಕೆ ಕೆಲಸ ಮಾಡುವುದಿಲ್ಲ. ಮಗು ಒಳಗೆ, ತಾಯಿ ಹೊರಗೆ! ನಾಲ್ಕು ಪ್ರಕರಣಗಳಲ್ಲಿ ಕಿಟಕಿ ಒಡೆದೇ ಒಳಗೆ ಹೋಗಬೇಕಾಯಿತು. ಒಳಗೆ ಕೈಯ ಸನ್ನೆ ಇದ್ದರೂ ಪುಟ್ಟ ಮಗುವಿಗೆ ಅದು ತಿಳಿಯಬೇಕಲ್ಲ!

ಗಣಪತಿ ಗಲ್ಲಿಯಲ್ಲಿ "ಎರಡs ನಿಮಿಷ, ಬಂದೆ" ಎಂದು ಮಗುವನ್ನು ಗಾಡಿಯಲ್ಲಿ ಬಿಟ್ಟು ಸೀರೆ ನೋಡಲು ಇಳಿಯುವವರು ಇದನ್ನು ಎರಡು ಸಲ ಓದಬೇಕು. 2025ರ ಮೇ 18ರಂದು ಆಂಧ್ರದ ವಿಜಯನಗರಂ ಜಿಲ್ಲೆಯ ದ್ವಾರಪೂಡಿಯಲ್ಲಿ ನಿಂತ ಕಾರಿನೊಳಗೆ ಆಡಲು ಹೊಕ್ಕ ನಾಲ್ಕು ಮಕ್ಕಳು ಬಾಗಿಲು ಬೀಗವಾಗಿ ಉಸಿರುಗಟ್ಟಿ ಸತ್ತವು. ಬಾಗಿಲು ತೆರೆಯುವುದು ಹೇಗೆಂದು ಮಕ್ಕಳಿಗೆ ಗೊತ್ತಿಲ್ಲದಿದ್ದರೆ ಗಾಡಿ ಯಾವುದಾದರೂ ಒಂದೇ.

ಚೀನಾ ಹಾಕಿದ ಗೆರೆ

ಇಂಥ ಹಿಡಿಕೆಯ ಕಾರುಗಳನ್ನು ರಾಶಿಗಟ್ಟಲೆ ತಯಾರಿಸಿದ ಚೀನಾವೇ ಈಗ ಹಿಂದಕ್ಕೆ ಹೆಜ್ಜೆ ಇಟ್ಟಿದೆ. 2026ರ ಫೆಬ್ರುವರಿಯಲ್ಲಿ ಅಲ್ಲಿಯ ಸರಕಾರ ಕಡ್ಡಾಯ ನಿಯಮ ಪ್ರಕಟಿಸಿತು. ಅದು ಜಾರಿಗೆ ಬರುವ ದಿನ 2027ರ ಜನವರಿ 1. ಅದರ ಪ್ರಕಾರ ಪ್ರತಿ ಬಾಗಿಲಿಗೂ ಒಳಗೂ ಹೊರಗೂ ಕೈಯಿಂದ ತೆರೆಯುವ ವ್ಯವಸ್ಥೆ ಬೇಕು. ಹೊರಗಿನ ಹಿಡಿಕೆಯ ಹತ್ತಿರ ಬೆರಳು ತೂರಿಸಲು 6 ಸೆಂಟಿಮೀಟರ್ ಉದ್ದ, 2 ಸೆಂಟಿಮೀಟರ್ ಅಗಲ, ಎರಡೂವರೆ ಸೆಂಟಿಮೀಟರ್ ಆಳದಷ್ಟಾದರೂ ಜಾಗ ಬೇಕು. ಒಳಗಿನದು ಕಣ್ಣಿಗೆ ಕಾಣುವಂತಿರಬೇಕು, ಗುರುತು ಇರಬೇಕು. ಇಷ್ಟು ದೊಡ್ಡ ದೇಶ ಕೂತು ನಾಲ್ಕು ಬೆರಳು ತೂರುವ ಜಾಗದ ಅಳತೆ ಬರೆಯಬೇಕಾಯಿತು. ನಮ್ಮ ಅಂಬಾಸಡರಿನಲ್ಲಿ ಆ ಜಾಗ ಯಾರೂ ಬರೆಯದೆಯೇ ಇತ್ತು!

ಖಾನಾಪುರದ ಮಳೆಗೆ ಗುಂಡಿ ಗೊತ್ತಿಲ್ಲ

ಇದೆಲ್ಲ ದೂರದ ಮಾತು ಎನ್ನುವವರು ಆಷಾಢದಲ್ಲಿ ಒಮ್ಮೆ ಜಾಂಬೋಟಿ ದಾಟಿ ಕಣಕುಂಬಿಯ ಕಡೆ ಹೋಗಿ ಬರಬೇಕು. ಮಲಪ್ರಭೆ ಹುಟ್ಟುವ ಆ ಸೀಮೆಯಲ್ಲಿ ಮಳೆ ಹಿಡಿದರೆ ಬಿಡುವ ಮಾತಿಲ್ಲ. ಹಬ್ಬನಹಟ್ಟಿಯ ಮಾರುತಿಯ ಗುಡಿಯೇ ನೀರಿನಲ್ಲಿ ಮುಳುಗುತ್ತದೆ. ತಾಲೂಕಿನ ತಗ್ಗು ಸೇತುವೆಗಳ ಮೇಲೆ ಹೊಳೆ ಹರಿಯುತ್ತದೆ. 2019ರ ಆಗಸ್ಟಿನ ಮಹಾಪೂರವನ್ನು ಈ ಜಿಲ್ಲೆಯವರು ಮರೆತಿಲ್ಲ. ಗೋವೆಗೆ ಹೋಗುವ ಕಾರುಗಳು ಚೋರ್ಲಾ ಘಾಟಿನ ಮೇಲೆ, ಇಲ್ಲವೇ ಖಾನಾಪುರ, ಲೋಂಡಾ, ಅನಮೋಡ ದಾರಿಯಲ್ಲಿ ಹಗಲು ರಾತ್ರಿ ಓಡುತ್ತವೆ. ಭೀಮಗಡದ ಕಾಡಿನ ಅಂಚಿನಲ್ಲಿ ಗಾಡಿ ಕೆಟ್ಟರೆ ಮಿಸ್ತ್ರಿ ಎಲ್ಲಿಂದ ಬರಬೇಕು?

ನೀರಿನ ಲೆಕ್ಕ ಒಂದಿಷ್ಟು ಕೇಳಿ. ಒಂದು ಮೀಟರ್ ಅಗಲದ ಕಾರಿನ ಬಾಗಿಲು. ಹೊರಗೆ ಬಾಗಿಲಿನ ತಳದಿಂದ ಎರಡಡಿ ನೀರು, ಒಳಗೆ ಇನ್ನೂ ನೀರಿಲ್ಲ. ಆಗ ಬಾಗಿಲನ್ನು ನೀರು ಒತ್ತುವ ಬಲ ಸುಮಾರು 180 ಕಿಲೋ ತೂಕಕ್ಕೆ ಸಮ. ಹತ್ತಿರ ಹತ್ತಿರ ಎರಡು ಸಿಮೆಂಟು ಚೀಲ ಅಲ್ಲ, ಮೂರೂವರೆ ಚೀಲ! ಹಿಡಿಕೆ ಹಳೆಯದಿರಲಿ, ಹೊಸದಿರಲಿ, ಈ ಭಾರದ ಮುಂದೆ ಬಾಗಿಲು ಕಷ್ಟವೇ. ಆದ್ದರಿಂದ ಗಾಡಿ ನೀರಿಗೆ ಬಿದ್ದರೆ ಮೊದಲು ಮಾಡಬೇಕಾದದ್ದು ಬೆಲ್ಟ್ ಬಿಚ್ಚಿ ಕಿಟಕಿಯ ಗಾಜು ಇಳಿಸುವುದು. ಕರೆಂಟು ಇರುವ ಮೊದಲ ಕೆಲವು ಗಳಿಗೆಯಲ್ಲೇ ಅದು ಆಗಬೇಕು. ಆಮೇಲೆ ಗಾಜಿನ ಮೋಟಾರೂ ನಿಲ್ಲಬಹುದು.

ಗಾಜು ಒಡೆಯುವ ಸುತ್ತಿಗೆ ಇಟ್ಟುಕೊಂಡವರೂ ಒಂದು ಮಾತು ನೆನಪಿಡಬೇಕು. ಹಳೆಯ ಬಗೆಯ ಕಿಟಕಿಗಾಜು ಮೂಲೆಯಲ್ಲಿ ಹೊಡೆದರೆ ಕಲ್ಲುಸಕ್ಕರೆಯಂತೆ ಪುಡಿಯಾಗುತ್ತದೆ. ಈಗಿನ ಕೆಲವು ದುಬಾರಿ ಗಾಡಿಗಳಲ್ಲಿ ಪಕ್ಕದ ಕಿಟಕಿಗೂ ಮುಂದಿನ ಗಾಜಿನಂತೆ ನಡುವೆ ಪದರ ಇರುವ ಗಾಜು ಹಾಕುತ್ತಾರೆ. ಅದು ಸೀಳುತ್ತದೆಯೇ ಹೊರತು ಉದುರುವುದಿಲ್ಲ. ಗಾಜಿನ ಮೂಲೆಯಲ್ಲಿ ಯಾವ ಜಾತಿಯ ಗಾಜೆಂದು ಅಚ್ಚು ಹಾಕಿರುತ್ತಾರೆ. ಮನೆಯ ಮುಂದೆ ನಿಂತಾಗಲೇ ಓದಿಕೊಳ್ಳುವುದು ಲೇಸು.

ಬಸ್ಸಿನವರಿಗೂ ಈ ಮಾತು ಸಂಬಂಧ

"ನಮಗೇನ್ರಿ ಕಾರಿನ ಉಸಾಬರಿ? ನಾವು ಖಾನಾಪುರ ಬಸ್ಸಿನವರು" ಎನ್ನುವವರುಂಟು. ಬೆಳಗಾವಿಯಿಂದ ಪೀರನವಾಡಿ, ಮಚ್ಛೆ, ಗಣೇಬೈಲ್ ಮೇಲೆ ಖಾನಾಪುರ ಮುಟ್ಟುವ ಹಳೆಯ ಬಸ್ಸಿನ ಬಾಗಿಲು ಗೊತ್ತಲ್ಲ. "ಬಾಗ್ಲಾ ಜಗ್ಗಿ ಹಾಕ್ರೀ!" ಎಂದು ಕಂಡಕ್ಟರ್ ಕೂಗಿದರೆ ಹತ್ತಿರ ನಿಂತವರು ಧಡ್ ಎಂದು ಎಳೆಯುತ್ತಾರೆ. ಅಗಳಿ ಎಲ್ಲರ ಕಣ್ಣಿಗೂ ಕಾಣುತ್ತದೆ. ಶಾಲೆಯ ಹುಡುಗನೂ ತೆರೆಯಬಲ್ಲ. ಆದರೆ ಈಗಿನ ಬಸ್ಸುಗಳಲ್ಲಿ ಚಾಲಕ ಗುಂಡಿ ಒತ್ತಿದರೆ ಗಾಳಿಯ ಒತ್ತಡದಿಂದ 'ಭುಸ್' ಎಂದು ತೆರೆಯುವ ಬಾಗಿಲು ಬಂದಿದೆ. ದೂರದ ಊರಿನ ಖಾಸಗಿ ಬಸ್ಸುಗಳಲ್ಲಂತೂ ಅದೇ ಬಾಗಿಲು.

2013ರ ನವೆಂಬರ್ 14ರ ನಸುಕಿನಲ್ಲಿ ಬೆಂಗಳೂರಿನಿಂದ ಮುಂಬೈಗೆ ಹೊರಟಿದ್ದ ಬಸ್ಸು ಹಾವೇರಿಯ ಹತ್ತಿರ ಕುಣಿಮೆಳ್ಳಿಹಳ್ಳಿಯಲ್ಲಿ ಹೊತ್ತಿ ಉರಿದು 7 ಮಂದಿ ಸತ್ತರು. ಬೆಳಗಾವಿಯ ಮೇಲೆಯೇ ಹಾದುಹೋಗುವ ಹೆದ್ದಾರಿ ಅದು. 2025ರ ಅಕ್ಟೋಬರ್ 14ರಂದು ರಾಜಸ್ಥಾನದ ಜೈಸಲ್ಮೇರ್ ಹತ್ತಿರ, ಹತ್ತೇ ದಿನಕ್ಕೆ 24ರಂದು ಕರ್ನೂಲಿನ ಹತ್ತಿರ ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸು ಸುಟ್ಟವು. ಈ ಎರಡೂ ಕಡೆ ಬಾಗಿಲು ತೆರೆಯದೆ ಹೋಯಿತೆಂಬ ಮಾತು ಪಾರಾದವರಿಂದ ಕೇಳಿಬಂತು. ಉಳಿದವರಲ್ಲಿ ಹಲವರು ಉಳಿದದ್ದು ಕಿಟಕಿ ಒಡೆದು.

ಗಾಳಿಯ ಬಾಗಿಲಿನ ಬಸ್ಸಿನಲ್ಲಿ ಬಾಗಿಲ ಪಕ್ಕದಲ್ಲಿ ತುರ್ತಿಗೆಂದು ಒಂದು ಗುಂಡಿ ಅಥವಾ ತಿರುವು ಇರುತ್ತದೆ. ತಿರುವಿದರೆ ಗಾಳಿ ಬಿಟ್ಟು ಬಾಗಿಲನ್ನು ಕೈಯಿಂದ ನೂಕಬಹುದು. ಸುತ್ತಿಗೆ, ತುರ್ತು ಬಾಗಿಲು ಎಲ್ಲಿವೆ ಎಂದು ಸೀಟು ಹಿಡಿಯುವಾಗಲೇ ಒಂದು ಕಣ್ಣು ಹಾಯಿಸಿದರೆ ನಷ್ಟವೇನೂ ಇಲ್ಲ. ಟಿಕೇಟಿನ ದುಡ್ಡಿನಲ್ಲಿ ಅದೂ ಸೇರಿದೆ.

ಕೇಳಬೇಕಾದ ಒಂದೇ ಪ್ರಶ್ನೆ

ಅಂಗಡಿಗೆ ಮೋಟಾರಿನ ಷಟರ್ ಹಾಕಿಸುವ ವರ್ತಕರು ಮೊದಲು ಏನು ಕೇಳುತ್ತಾರೆ? "ಕರೆಂಟ್ ಹೋದ್ರ ಕೈಲೆ ಎತ್ತಲಿಕ್ಕೆ ಬರತೈತೇನು?" ಹಿಡಿಕೆಯೋ ಸರಪಳಿಯೋ ಇಲ್ಲವೆಂದರೆ ಆ ಷಟರ್ ಕೊಳ್ಳುವುದಿಲ್ಲ. ರವಿವಾರ ಪೇಠೆಯ ಕಿರಾಣಿ ಅಂಗಡಿಗೆ ಇರುವ ಈ ಬುದ್ಧಿ, ಲಕ್ಷಗಟ್ಟಲೆ ಸುರಿದು ಕಾರು ಕೊಳ್ಳುವಾಗ ಎಲ್ಲಿ ಹೋಗುತ್ತದೆ? ಪರದೆ ಎಷ್ಟು ಇಂಚು, ಹಾಡು ಹೇಗೆ ಕೇಳುತ್ತದೆ, ಲೀಟರಿಗೆ ಎಷ್ಟು ಕಿಲೋಮೀಟರ್, ಎಲ್ಲ ಕೇಳುತ್ತಾರೆ. ಬ್ಯಾಟರಿ ಸತ್ತರೆ ಹಿಂದಿನ ಸೀಟಿನ ಅಜ್ಜಿ ಹೇಗೆ ಇಳಿಯಬೇಕು ಎಂದು ಕೇಳುವವರು ಕಡಿಮೆ.

ಆದ್ದರಿಂದ ಅಂಗಡಿಯ ಹುಡುಗ ಬೀಗದ ಕೈ ಕೊಡುವ ಮುಂಚೆಯೇ ಹೇಳಿ: "ತಮ್ಮಾ, ಬ್ಯಾಟರಿ ಇಲ್ಲ ಅಂತ ತಿಳಕೋ. ನಾಲ್ಕೂ ಬಾಗಲಾ ತಗದು ತೋರಿಸು." ರಿಮೋಟಿನ ಹೊಟ್ಟೆಯಲ್ಲಿ ಅಡಗಿರುವ ಸಣ್ಣ ಬೀಗದ ಕೈ ಎಲ್ಲಿ, ಅದನ್ನು ತೂರಿಸುವ ತೂತು ಬಾಗಿಲಿನಲ್ಲಿ ಎಲ್ಲಿ, ಕೇಳಿ. ಹಿಂದಿನ ಬಾಗಿಲಿನ ಚೈಲ್ಡ್ ಲಾಕ್ ಹಾಕಿದ್ದರೆ ಒಳಗಿನ ಹಿಡಿಕೆಯೂ ಸುಮ್ಮನಾಗುತ್ತದೆ ಎಂಬುದು ನೆನಪಿರಲಿ. ಸಣ್ಣ ಬ್ಯಾಟರಿ ಹಳತಾದರೆ "ಇನ್ನಷ್ಟ್ ದಿನ ನಡೀತೈತಿ" ಎಂದು ದೂಡಬೇಡಿ. ಹಳೆಯ ಕಾರಿನಲ್ಲಿ ಬ್ಯಾಟರಿ ಸತ್ತರೆ ನಾಲ್ಕು ಜನ ನೂಕುತ್ತಿದ್ದರು. ಹೊಸದರಲ್ಲಿ ನೂಕಲು ಇಳಿಯುವುದಕ್ಕೇ ಬ್ಯಾಟರಿ ಬೇಕು!

ಇನ್ನು ಮನೆಯವರಿಗೆ ತೋರಿಸುವ ಕೆಲಸ. ಓಡಿಸುವವನಿಗೆ ಮಾತ್ರ ಗೊತ್ತಿದ್ದರೆ ಸಾಲದು. ಡಿಕ್ಕಿಯಲ್ಲಿ ಮೊದಲು ಎಚ್ಚರ ತಪ್ಪುವುದು ಅವನೇ ಇರಬಹುದು. ಒಂದು ಭಾನುವಾರ ಮುಂಜಾನೆ ಕಾರು ತೊಳೆಯುವಾಗ ಮನೆಮಂದಿಯನ್ನೆಲ್ಲ ಒಳಗೆ ಕೂಡ್ರಿಸಿ, ಕಣ್ಣು ಮುಚ್ಚಿಸಿ, ಕೈಯಿಂದಲೇ ಬಾಗಿಲು ತೆರೆಯಲು ಹೇಳಿ. ಮಕ್ಕಳಿಗೆ ಆಟ, ದೊಡ್ಡವರಿಗೆ ಪಾಠ. ಐದು ನಿಮಿಷದ ಕೆಲಸ.

ಮಂಗಲ ಕಾರ್ಯಾಲಯದ ಮುಂದಿನ ಅಳಿಯಂದಿರಿಗೂ ಒಂದು ಮಾತು. ಮಾಮಾ ಹಿಡಿಕೆ ಎಲ್ಲಿ ಎಂದು ಕೇಳಿದಾಗ ನಗಬೇಡಿ. ಹೊರಗಿನದು ತೋರಿಸಿ, ಒಳಗೆ ಕೂತ ಮೇಲೆ ಒಳಗಿನದನ್ನೂ ತೋರಿಸಿ, ಅವರ ಕೈಯಿಂದಲೇ ಒಮ್ಮೆ ಜಗ್ಗಿಸಿ. ಆಮೇಲೆ ಗಾಡಿ ಬಿಡಿ. ಖಾನಾಪುರ ಇಪ್ಪತ್ತಾರು ಕಿಲೋಮೀಟರ್, ಮಳೆ ಬೇರೆ ಬರುವಂತಿದೆ.